ಇಂಕ್ ಪೆನ್ನು: ಚಿನ್ನಕ್ಕಿಂತ ಸಂದು ಮುಖ್ಯ

ಬೆಂಗಳೂರಿನ ಆರ್‌ಪಿಸಿ ಲೇಔಟ್‌ನ ಹಂಪಿನಗರ ಗ್ರಂಥಾಲಯದ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರದೇ ಓಡಾಟ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಒಂದು ಪತ್ರಿಕೆಯೆಂದರೆ 3 ಗಂಟೆಯಲ್ಲಿ 20 ಉತ್ತರ. ಅಷ್ಟು ಬರೆಯುವ ಕೈಗೆ ಇಂಕ್ ಪೆನ್ನು ಹಿತ, ಒತ್ತಿ ಬರೆಯಬೇಕಿಲ್ಲ. ಆದರೆ ಪೆನ್ನು ಕೊಳ್ಳಲು ಹೊರಟಾಗ ಕಿವಿಗೆ ಬೀಳುವ ಬುದ್ಧಿಮಾತುಗಳಲ್ಲಿ ಪೊಳ್ಳೂ ಇವೆ.

ನಂಬಿಕೆ: ಚಿನ್ನದ ನಿಬ್ಬಾದರೇ ನುಣುಪು.
ಸತ್ಯ: ಕಾಗದಕ್ಕೆ ತಾಗುವುದು ಚಿನ್ನವಲ್ಲ, ತುದಿಗೆ ಬೆಸೆದ ಗಟ್ಟಿ ಮಿಶ್ರಲೋಹದ ಪುಟ್ಟ ಗುಂಡು. ಒಳ್ಳೆಯ ಸ್ಟೀಲ್ ನಿಬ್ಬಿಗೂ ಅದು ಇರುತ್ತದೆ. ಗುಂಡನ್ನು ಹೇಗೆ ಉಜ್ಜಿದ್ದಾರೆ, ನಿಬ್ಬಿನ ನಡುವಿನ ಸೀಳಿನ ಎರಡೂ ಬದಿ ಒಂದೇ ಮಟ್ಟದಲ್ಲಿವೆಯೇ ಎಂಬುದರ ಮೇಲೆ ನುಣುಪು ನಿಂತಿದೆ. ಚಿನ್ನಕ್ಕೆ ತುಕ್ಕಿನ ಭಯವಿಲ್ಲ ಎಂಬುದು ಮಾತ್ರ ನಿಜ.

ನಂಬಿಕೆ: ಬೇರೆಯವರು ಬರೆದರೆ ನಿಬ್ಬು ಕೆಡುತ್ತದೆ.
ಸತ್ಯ: ಆ ಗುಂಡು ಸವೆಯಲು ವರ್ಷಗಟ್ಟಲೆ ಬೇಕು. ಸಹಿ ಹಾಕಲು ಕೊಟ್ಟರೆ ಏನೂ ಆಗದು. ಬಾಲ್ ಪೆನ್ನಿನಂತೆ ಒತ್ತಿದರೆ ಅಥವಾ ಕೈಜಾರಿ ತಲೆಕೆಳಗಾಗಿ ಬಿದ್ದರೆ ಮಾತ್ರ ಸೀಳು ಬಾಯಿಬಿಡುತ್ತದೆ.

ನಂಬಿಕೆ: ಇಂಕ್ ಕಕ್ಕಿತೆಂದರೆ ಪೆನ್ನು ಕೆಟ್ಟಿದೆ.
ಸತ್ಯ: ಎಷ್ಟು ಇಂಕ್ ಹೊರಬರುತ್ತದೋ ಅಷ್ಟು ಗಾಳಿ ಒಳಗೆ ಹೋಗಬೇಕು. ಈ ಕೊಡುಕೊಳ್ಳುವಿಕೆ ನಡೆಯುವುದು ನಿಬ್ಬಿನ ಕೆಳಗಿರುವ ಕಪ್ಪು ಪಟ್ಟಿಯ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇಂಥದೇ ಏರ್ಪಾಟಿಗೆ. ಪಟ್ಟಿಯ ಬಾಚಣಿಗೆ ಹಲ್ಲಿನಂಥ ಸಂದುಗಳು ಹೆಚ್ಚಾದ ಇಂಕನ್ನು ಹಿಡಿದಿಡುತ್ತವೆ. ಡ್ರಾಪರ್‌ನಲ್ಲಿ ನೇರ ಕೊಳವೆಗೇ ಇಂಕ್ ತುಂಬುವ ಪೆನ್ನುಗಳಲ್ಲಿ ಇಂಕ್ ತಳ ಕಂಡಾಗ ಒಳಗೆ ಗಾಳಿಯೇ ಹೆಚ್ಚು. ಅಂಗೈ ಬಿಸಿಗೆ ಅದು ಹಿಗ್ಗಿ ಇಂಕನ್ನು ಹೊರದಬ್ಬುತ್ತದೆ. ಕಾಲುಭಾಗ ಉಳಿದಿರುವಾಗಲೇ ತುಂಬಿಕೊಂಡರೆ ಈ ಕಾಟ ತಗ್ಗುತ್ತದೆ.

ನಂಬಿಕೆ: ನಾಲ್ಕು ದಿನಕ್ಕೆ ಒಣಗಿದರೆ ಇಂಕ್ ಕಳಪೆ.
ಸತ್ಯ: ಮೊದಲು ಕ್ಯಾಪ್ ನೋಡಿ. ಒಳಗಿನ ಎರಡನೇ ಪುಟ್ಟ ಕ್ಯಾಪ್ ನಿಬ್ಬನ್ನು ಬಿಗಿಯಾಗಿ ಮುಚ್ಚದಿದ್ದರೆ ಯಾವ ಇಂಕಾದರೂ ಒಣಗುತ್ತದೆ. ಜಪಾನಿನ ಪ್ಲಾಟಿನಮ್ ಕಂಪನಿಯ ಪ್ರೆಪ್ಪಿ ಅಗ್ಗದ ಪೆನ್ನು. ಅದರ ಕ್ಯಾಪ್‌ನಲ್ಲೂ ಈ ಬಿಗಿ ಮುಚ್ಚಿಗೆ ಇದೆ. ತಿರುಪಿನ ಕ್ಯಾಪ್ ಜೇಬಿಗೆ ಕ್ಷೇಮ, ಅವಸರಕ್ಕೆ ತೊಡಕು. ಬಿಗಿಯಾಗಿ ಕೂರುವ ಕ್ಯಾಪನ್ನು ಸರಕ್ಕನೆ ಎಳೆದರೆ ಆ ಸೆಳೆತಕ್ಕೇ ಇಂಕ್ ಸಿಡಿದೀತು.

ನಂಬಿಕೆ: ದಪ್ಪ ನಿಬ್ಬಾದರೆ ಅಕ್ಷರ ಅಂದ.
ಸತ್ಯ: ಕನ್ನಡಕ್ಕೆ ಇದು ಅಷ್ಟಾಗಿ ಹೊಂದದು. ‘ಲಕ್ಷ್ಮಿ’, ‘ಸ್ವಾತಂತ್ರ್ಯ’ ಬರೆದು ನೋಡಿ: ತೆಳು ಕಾಗದದಲ್ಲಿ ದಪ್ಪ ಗೆರೆ ಹರಡಿ ಒತ್ತಕ್ಷರದ ಸುಳಿಗಳು ಮುಚ್ಚಿಹೋಗುತ್ತವೆ. ಸಣ್ಣ ನಿಬ್ಬು ಆರಿಸುವಾಗ ನೆನಪಿಡಿ: ಸಾಮಾನ್ಯವಾಗಿ ಜಪಾನಿ ಪೆನ್ನಿನ ‘ಫೈನ್’ ಯುರೋಪಿನ ‘ಫೈನ್’ಗಿಂತ ಸಣ್ಣ.

ಅಂಗಡಿಗೆ ಹೋಗುವಾಗ ನೀವು ದಿನವೂ ಬರೆಯುವ ಹಾಳೆಯನ್ನೇ ಒಯ್ಯಿರಿ. ಕ್ಯಾಪನ್ನು ಹಿಂದಕ್ಕೆ ಸಿಕ್ಕಿಸಿ ಅರ್ಧ ಪುಟ, ತೆಗೆದಿಟ್ಟು ಅರ್ಧ ಪುಟ ಬರೆಯಿರಿ. ತೂಕ ಎತ್ತ ವಾಲುತ್ತದೆ, ತಿರುಪಿನ ಅಂಚು ಬೆರಳಿಗೆ ಒತ್ತುತ್ತದೆಯೇ ಎಂಬುದು ತಿಳಿಯುತ್ತದೆ. ಬೆಲೆ ಕೇಳುವುದು ಆಮೇಲೆ.