ಮಣ್ಣು ನೋಡಿ ಇಟ್ಟಿಗೆ ಕೊಳ್ಳಿ

ಹೊಸಪೇಟೆಯಿಂದ ಹಂಪಿಯ ಹಾದಿ ಹಿಡಿದರೆ ಊರು ದಾಟುತ್ತಲೇ ಅನಂತಶಯನಗುಡಿ ಸಿಗುತ್ತದೆ. ಕೃಷ್ಣದೇವರಾಯ 1524ರಲ್ಲಿ ಕಟ್ಟಿಸಿದ ದೇವಾಲಯವಿದು. ಮಲಗಿದ ವಿಷ್ಣುವಿಗೆಂದು ಉದ್ದಕ್ಕೆ ಕಟ್ಟಿದ ಗರ್ಭಗುಡಿಯ ಮೇಲೆ ಎತ್ತರಕ್ಕೆ ಬಾಗಿ ನಿಂತ ಕಮಾನು ಚಾವಣಿ ಇಟ್ಟಿಗೆ, ಗಾರೆಯದು. ಹಂಪಿ ತಲುಪುವ ಅವಸರದಲ್ಲಿ ಹೆಚ್ಚಿನವರು ಇಲ್ಲಿ ಇಳಿಯುವುದಿಲ್ಲ. ಮನೆ ಕಟ್ಟಿಸುವ ಯೋಚನೆಯಲ್ಲಿ ಇರುವವರಂತೂ ಇಳಿದು ನೋಡಲೇಬೇಕು. ಚೆನ್ನಾಗಿ ಬೆಂದ ಮಣ್ಣು ಐನೂರು ವರ್ಷ ಬಿಸಿಲು ಮಳೆಗೆ ಹೇಗೆ ತಡೆದೀತು ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ.

ಹಂಪಿಯ ಗೋಪುರಗಳದೂ ಇದೇ ಕಥೆ. ಬುಡ ಕಲ್ಲು, ಮೇಲಿನ ಅಂತಸ್ತುಗಳೆಲ್ಲ ಇಟ್ಟಿಗೆ. ಅಷ್ಟು ಎತ್ತರಕ್ಕೆ ಕಲ್ಲನ್ನೇ ಪೇರಿಸಿದರೆ ಬುಡ ಹೊರಬೇಕಾದ ಭಾರ ವಿಪರೀತ. ಇಟ್ಟಿಗೆ ಹಗುರ, ಬೇಕಾದ ಆಕಾರಕ್ಕೂ ಒಗ್ಗುತ್ತದೆ. ಉದಯಗಿರಿಯ ಗೆಲುವಿನ ನೆನಪಿಗೆ ಕಟ್ಟಿದ ಕೃಷ್ಣ ದೇವಾಲಯದ ಪೂರ್ವ ಗೋಪುರದಲ್ಲಿ ಗಾರೆಯ ಸೈನಿಕರೂ ಕುದುರೆಗಳೂ ಇನ್ನೂ ಕಾಣುತ್ತವೆ. ಗಾರೆ ಉದುರಿದ ಕಡೆ ಒಳಗಿನ ಇಟ್ಟಿಗೆ ಸಾಲು ಬಯಲಾಗಿದೆ. ವಿಜಯ ವಿಠ್ಠಲ ದೇವಾಲಯದ ಗೋಪುರಗಳಲ್ಲಿ ಮೇಲ್ಭಾಗ ಶಿಥಿಲವಾಗಿದೆ. ಸಂದಿಗೆ ಬೀಜ ಬಿದ್ದು ಅರಳಿ, ಆಲ ಬೇರು ಬಿಟ್ಟರೆ ಎಂಥ ಇಟ್ಟಿಗೆಯೂ ತಾಳುವುದಿಲ್ಲ.

ತುಂಗಭದ್ರಾ ಅಣೆಕಟ್ಟೆಯಲ್ಲೂ ಇಟ್ಟಿಗೆಯ ಪಾಲಿದೆ. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ನಿಂತ ಈ ಕಟ್ಟೆಯ ಕಲ್ಲುಗಳನ್ನು ಸುರ್ಕಿ ಗಾರೆ ಹಿಡಿದುಕೊಂಡಿದೆ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ.

ಆ ನೀರೇ ಇಂದು ಇಲ್ಲಿ ಇಟ್ಟಿಗೆ ಕೊಳ್ಳುವವರನ್ನು ಎಚ್ಚರಿಸಬೇಕಾದ ಸಂಗತಿಯೂ ಆಗಿದೆ. ಕಾಲುವೆ ಬಂದ ಮೇಲೆ ಕಂಪ್ಲಿ ಸೀಮೆ ಭತ್ತದ ಕಣಜವಾಯಿತು. ಜೊತೆಗೇ ಅಚ್ಚುಕಟ್ಟಿನ ತಗ್ಗು ಜಮೀನುಗಳಲ್ಲಿ ಸವಳು, ಜವಳು ಬಂತು. ನೀರು ನಿಂತು ಉಪ್ಪು ಮೇಲೇರಿದ ಹೊಲದ ಮಣ್ಣಿನಿಂದ ಇಟ್ಟಿಗೆ ಕೊಯ್ದರೆ ಆ ಉಪ್ಪು ಗೋಡೆಗೂ ಬರುತ್ತದೆ. ಮೊದಲ ಮಳೆಗಾಲ ಕಳೆಯುವುದರಲ್ಲಿ ಗೋಡೆಯ ಬುಡದಲ್ಲಿ ಬಿಳಿ ಪುಡಿ ಹೊಮ್ಮುತ್ತದೆ, ಬಣ್ಣ ಹಕ್ಕಳೆಯೇಳುತ್ತದೆ, ಪ್ಲಾಸ್ಟರ್ ಉಬ್ಬುತ್ತದೆ. ಮನೆಯವರು ಪೇಂಟರನ್ನು ಬೈಯುತ್ತಾರೆ. ತಪ್ಪು ಇರುವುದು ಮಣ್ಣಿನಲ್ಲಿ.

ಎರೆಮಣ್ಣಿನದು ಬೇರೆ ತಕರಾರು. ಒಣಗುವಾಗ ಅದು ಕುಗ್ಗಿ ಬಿರುಕು ಬಿಡುತ್ತದೆ. ಅದರಲ್ಲಿ ಸುಣ್ಣದ ಹರಳುಗಳೂ ಇರುತ್ತವೆ. ಭಟ್ಟಿಯ ಕಾವಿಗೆ ಹರಳು ಸುಟ್ಟ ಸುಣ್ಣವಾಗಿ, ಗೋಡೆಯೊಳಗೆ ತೇವ ಸೋಕಿದಾಗ ಅರಳಿ, ಇಟ್ಟಿಗೆಯ ಚಕ್ಕೆಯನ್ನೇ ಎಬ್ಬಿಸಿಬಿಡುತ್ತದೆ. ಅನುಭವಸ್ಥ ಭಟ್ಟಿಯವರು ಇದಕ್ಕೇ ಬರಿ ಎರೆಮಣ್ಣು ಮುಟ್ಟುವುದಿಲ್ಲ. ಕೆರೆಯ ಗೋಡು, ಮರಳು ಬೆರೆತ ಕೆಂಪು ಮಣ್ಣು ಸೇರಿಸಿ ಹದ ಮಾಡುತ್ತಾರೆ.

ಭಟ್ಟಿಯ ಕೆಲಸ ಮಳೆ ಹಿಂದಾದ ಮೇಲೆ ಶುರು. ನೆನೆಸಿದ ಮಣ್ಣಿಗೆ ಬೂದಿಯನ್ನೋ ಭತ್ತದ ಹೊಟ್ಟನ್ನೋ ಬೆರೆಸಿ ತುಳಿದು, ಅಚ್ಚಿಗೆ ಒತ್ತಿ, ಬಿಸಿಲಿನಲ್ಲಿ ಸಾಲಾಗಿ ಕೆಡವುತ್ತಾರೆ. ಒಂದು ಮಗ್ಗುಲು ಒಣಗಿದ ಮೇಲೆ ಮತ್ತೊಂದಕ್ಕೆ ತಿರುಗಿಸಬೇಕು. ಹೆಚ್ಚಾಗಿ ಗಂಡ ಹೆಂಡತಿ ಜೋಡಿಯಾಗಿ ಮಾಡುವ ಕೆಲಸ, ಕೂಲಿ ಸಾವಿರ ಇಟ್ಟಿಗೆಗೆ ಇಷ್ಟೆಂದು. ಅಕಾಲದ ಒಂದು ಮಳೆ ಬಿದ್ದರೆ ಹಸಿ ಇಟ್ಟಿಗೆಯೆಲ್ಲ ಮತ್ತೆ ಮಣ್ಣು. ದಿನಗಟ್ಟಲೆ ಬಗ್ಗಿ ದುಡಿದದ್ದು ನೀರುಪಾಲು. ಇಟ್ಟಿಗೆಯ ದರ ಚೌಕಾಸಿ ಮಾಡುವಾಗ ಈ ದುಡಿಮೆ ನೆನಪಿನಲ್ಲಿರಬೇಕು.

ಒಣಗಿದ್ದನ್ನು ಪೇರಿಸಿ, ನಡುವೆ ಉರಿಗಂಡಿ ಬಿಟ್ಟು, ಕಟ್ಟಿಗೆ, ಹೊಟ್ಟು, ಕಲ್ಲಿದ್ದಲು ತುಂಬಿ, ಹೊರಗೆ ಮಣ್ಣು ಮೆತ್ತಿ ಬೆಂಕಿ ಹಾಕುತ್ತಾರೆ. ಒಂದೇ ಭಟ್ಟಿಯಲ್ಲಿ ಮೂರು ಥರದ ಮಾಲು ಹೊರಬರುತ್ತದೆ. ಉರಿಯ ಹತ್ತಿರವಿದ್ದದ್ದು ಕರಗಿ ಸೊಟ್ಟಗಾಗಿ ಕಪ್ಪಿಟ್ಟಿರುತ್ತದೆ. ಹೊರಸುತ್ತಿನದು ಅರೆಬೆಂದಿರುತ್ತದೆ. ನಡುವಿನದೇ ಮನೆಗೆ ಬೇಕಾದದ್ದು. ಮಾರುವಾಗ ಮೂರನ್ನೂ ಬೆರೆಸಿ ಟ್ರ್ಯಾಕ್ಟರಿಗೆ ತುಂಬುವುದುಂಟು. ಫೋನಿನಲ್ಲೇ ವ್ಯಾಪಾರ ಮುಗಿಸಿದವರಿಗೆ ಇದು ಗೊತ್ತಾಗುವುದು ಲೋಡ್ ಇಳಿದ ಮೇಲೆ.

ಬಣ್ಣ ಒಂದನ್ನೇ ನಂಬುವ ಹಾಗಿಲ್ಲ. ಇಟ್ಟಿಗೆಗೆ ಕೆಂಪು ಬರುವುದು ಮಣ್ಣಿನಲ್ಲಿರುವ ಕಬ್ಬಿಣದಿಂದ. ಸಂಡೂರಿನ ಬೆಟ್ಟಸಾಲಿನ ಕಡೆಯ ಮಣ್ಣಿನಲ್ಲಿ ಅದಕ್ಕೆ ಬರವೇ? ಬೇಯುವುದು ಕಡಿಮೆಯಾದರೂ ಕೆಂಪಗೆ ಕಾಣಬಹುದು. ನುರಿತ ಗೌಂಡಿ ಕಿವಿಯಿಂದಲೇ ಆರಿಸುತ್ತಾನೆ. ಎರಡು ಇಟ್ಟಿಗೆ ಹಿಡಿದು ತಾಕಿಸಿದಾಗ ಠಣ್ ಎಂದರೆ ಬೆಂದಿದೆ. ದಬ್ ಎಂದರೆ ಒಳಗೆ ಹಸಿ, ಇಲ್ಲವೇ ಬಿರುಕು. ಉಗುರಿನಿಂದ ಕೆರೆದರೆ ಗೀರು ಬೀಳಬಾರದು. ಮೂರು ಅಡಿ ಎತ್ತರದಿಂದ ನೆಲಕ್ಕೆ ಬಿಟ್ಟರೆ ಒಡೆಯಬಾರದು. ಒಂದನ್ನು ಒಡೆದು ನೋಡುವುದಂತೂ ಕಡ್ಡಾಯ. ಒಳಮೈ ಅಂಚಿನಿಂದ ಅಂಚಿಗೆ ಒಂದೇ ಬಣ್ಣ, ಒಂದೇ ಕಣ ಇರಬೇಕು. ಬಿಳಿ ಹರಳು ಕಂಡರೆ ಆ ಮಾಲು ಬೇಡ.

ಭಾರತೀಯ ಮಾನಕ ಐಎಸ್ 1077 ಹೇಳುವ ಲೆಕ್ಕವೂ ಮನೆಯಲ್ಲೇ ಮಾಡಬಹುದಾದದ್ದು. ಒಣ ಇಟ್ಟಿಗೆ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಬೇಕು. ಮನೆಗೋಡೆಗೆ ಬಳಸುವ ಸಾಮಾನ್ಯ ದರ್ಜೆಯ ಇಟ್ಟಿಗೆಯ ತೂಕ ಶೇ 20ಕ್ಕಿಂತ ಹೆಚ್ಚು ಏರಬಾರದು: 3 ಕಿಲೋ ಇದ್ದದ್ದು 3.6 ಕಿಲೋ ದಾಟಬಾರದು. ಉಪ್ಪಿನ ಪರೀಕ್ಷೆ ಇನ್ನೂ ಸರಳ. ತಟ್ಟೆಯಲ್ಲಿ ಒಂದು ಅಂಗುಲ ನೀರು ಹಾಕಿ ಇಟ್ಟಿಗೆಯನ್ನು ನಿಲ್ಲಿಸಿ, ನೀರು ಆರಿದ ಮೇಲೆ ಇನ್ನೊಮ್ಮೆ ಅಷ್ಟೇ ನೀರು ಹಾಕಿ ಆರಲು ಬಿಡಬೇಕು. ಮೈಯ ಅರ್ಧಕ್ಕಿಂತ ಹೆಚ್ಚು ಬಿಳಿ ಹರಡಿದರೆ ಆ ಭಟ್ಟಿಯ ಕಡೆ ಹೋಗಬೇಕಿಲ್ಲ. ಕಂಪ್ಲಿ, ಹೊಸಪೇಟೆಯ ಕಾಲುವೆ ಬಯಲಿನಲ್ಲಿ ಮನೆ ಕಟ್ಟುವವರು ಬೇರೆ ಯಾವ ಪರೀಕ್ಷೆ ಬಿಟ್ಟರೂ ಇದನ್ನು ಬಿಡಬಾರದು.

ಈಗ ಬೂದು ಬಣ್ಣದ ಹಾರುಬೂದಿ ಇಟ್ಟಿಗೆಯೂ ಪೈಪೋಟಿಗೆ ಬಂದಿದೆ. ಕುಡಿತಿನಿಯ ಬಳ್ಳಾರಿ ಶಾಖೋತ್ಪನ್ನ ಕೇಂದ್ರ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರುವ ಸೀಮೆಯಿದು, ಬೂದಿಗೆ ಕೊರತೆಯಿಲ್ಲ. ಇದನ್ನು ಕೀಳಾಗಿ ನೋಡಬೇಕಿಲ್ಲ. ಅಳತೆ ಒಂದೇ ಸಮ ಇರುವುದರಿಂದ ಗಾರೆ ಉಳಿಯುತ್ತದೆ, ಹೊಲದ ಮೇಲ್ಮಣ್ಣೂ ಉಳಿಯುತ್ತದೆ. ಆದರೆ ಇದಕ್ಕೆ ಬಲ ಬರುವುದು ಬೆಂಕಿಯಿಂದಲ್ಲ, ಕ್ಯೂರಿಂಗಿನಿಂದ. ಸರಿಯಾಗಿ ನೀರುಣಿಸದೆ ಅವಸರದಲ್ಲಿ ಸಾಗಿಸಿದ ಮಾಲು ಅಂಚಿನಲ್ಲೇ ಪುಡಿಯಾಗುತ್ತದೆ. ತಯಾರಿಸಿದ ದಿನ ಕೇಳಬೇಕು, ಪರೀಕ್ಷಾ ವರದಿಯನ್ನೂ ಕೇಳಬೇಕು.

ಲೆಕ್ಕ ಹಾಕುವಾಗ ಅಳತೆ ಮುಖ್ಯ. 190×90×90 ಮಿಲಿಮೀಟರಿನ ಇಟ್ಟಿಗೆಯಾದರೆ ಒಂದು ಘನ ಮೀಟರ್ ಗೋಡೆಗೆ ಗಾರೆ ಸೇರಿ ಸುಮಾರು 500 ಬೇಕು. 230×110×70ರದಾದರೆ ಸುಮಾರು 435. ಸ್ಥಳೀಯ ಅಚ್ಚುಗಳು ಭಟ್ಟಿಯಿಂದ ಭಟ್ಟಿಗೆ ಬೇರೆ. ಸಾವಿರಕ್ಕೆ ದರ ಕಡಿಮೆ ಎಂದು ಖುಷಿಪಡುವ ಮೊದಲು ಟೇಪು ಹಿಡಿಯಬೇಕು. ಇಟ್ಟಿಗೆ ಸಣ್ಣದಾದಷ್ಟೂ ಸಂಖ್ಯೆ, ಗಾರೆ, ಕೂಲಿ ಮೂರೂ ಏರುತ್ತವೆ. ಒಡೆದುಹೋಗುವುದಕ್ಕೆಂದು ನೂರಕ್ಕೆ ಐದರಷ್ಟು ಹೆಚ್ಚಿಗೆ ತರಿಸುವುದು ರೂಢಿ. ಕಟ್ಟುವ ಮೊದಲು ಸುಟ್ಟ ಇಟ್ಟಿಗೆಯನ್ನು ಗುಳ್ಳೆ ನಿಲ್ಲುವವರೆಗೆ ನೆನೆಸಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೇ ಹೀರಿಕೊಂಡು ಬಂಧ ಸಡಿಲಾಗುತ್ತದೆ.

ಹಂಪಿ, ಕಮಲಾಪುರ, ಆನೆಗೊಂದಿಯ ಸುತ್ತ ಕಟ್ಟುವವರಿಗೆ ಇನ್ನೊಂದು ಮಾತು: ಇಟ್ಟಿಗೆ ತರಿಸುವ ಮೊದಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮ ವಿಚಾರಿಸಿ ಅನುಮತಿ ಪಡೆಯಬೇಕು. ಸ್ಮಾರಕದ ಬಳಿ ಉದುರಿಬಿದ್ದ ಹಳೆಯ ಇಟ್ಟಿಗೆಯನ್ನು ಯಾರೂ ಎತ್ತಿಕೊಂಡು ಬರಬಾರದು. ಹೊಸದು ಬೇಕಾದವರು ಬೇಸಿಗೆ ಮುಗಿಯುವುದರೊಳಗೆ ಭಟ್ಟಿಗೆ ಹೋಗಿ, ನಾಲ್ಕು ಇಟ್ಟಿಗೆ ಮನೆಗೆ ತಂದು ನೀರಿಗೆ ಹಾಕಿ ನೋಡಿ, ಆಮೇಲೆ ಮುಂಗಡ ಕೊಡಲಿ. ಮಳೆ ಹಿಡಿದರೆ ಇಟ್ಟಿಗೆ ಕೊಯ್ಯುವ ಕೆಲಸ ನಿಲ್ಲುತ್ತದೆ, ಆರಿಸಿಕೊಳ್ಳುವ ಅವಕಾಶವೂ ಕಡಿಮೆಯಾಗುತ್ತದೆ.