ಕೊಬ್ಬರಿಯ ಅಟ್ಟವೂ ಊರಿನ ಗ್ರಂಥಾಲಯವೂ

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಸುತ್ತಿನ ತೆಂಗಿನ ಸೀಮೆಯಲ್ಲಿ ಉಂಡೆ ಕೊಬ್ಬರಿ ಸಿದ್ಧವಾಗುವ ಕ್ರಮವನ್ನು ನೀವು ಕಂಡಿರಬಹುದು. ಬಲಿತ ಕಾಯಿಗಳನ್ನು ಸಂದು ಬಿಟ್ಟು ದಬ್ಬೆ ಹಾಸಿದ ಅಟ್ಟದ ಮೇಲೆ ಹಲವು ತಿಂಗಳು ನೆರಳಿನಲ್ಲಿಯೇ ಇರಿಸುತ್ತಾರೆ. ಬಿಸಿಲು ತಾಗದೆ, ನೆಲದ ತೇವ ಏರದೆ, ಗಾಳಿ ಮಾತ್ರ ಸದಾ ಆಡುವುದರಿಂದ ತಿರುಳು ಕೆಡದೆ ಒಣಗುತ್ತದೆ. ಇಂತಹ ಊರಿನಲ್ಲಿ ಗ್ರಂಥಾಲಯವನ್ನು ಕಟ್ಟುವವನಿಗೆ ಈ ಅಟ್ಟವೇ ಮೊದಲ ಗುರು.

ಪುಸ್ತಕದ ಶತ್ರುಗಳೂ ಇವೇ ಅಲ್ಲವೆ? ನೇರ ಬಿಸಿಲಿನ ಅತಿನೇರಳೆ ಕಿರಣಗಳಿಂದ ಕಾಗದವು ಹಳದಿಯಾಗಿ ಬಿರುಸಾಗುತ್ತದೆ. ಸಾಪೇಕ್ಷ ಆರ್ದ್ರತೆಯು ಬಹುಕಾಲ ಶೇಕಡಾ 65-70ನ್ನು ಮೀರಿ ನಿಂತರೆ ಬೂಷ್ಟು ಹಿಡಿಯುತ್ತದೆ. ನೆಲಕ್ಕೂ ಗೋಡೆಗೂ ತಾಗಿದ ಕಪಾಟಿಗೆ ಗೆದ್ದಲು ಏರುತ್ತದೆ. ಆದಕಾರಣ ಕಪಾಟು ನೆಲದಿಂದ ಒಂದು ಗೇಣು ಮೇಲಿರಬೇಕು. ಅದರ ಬೆನ್ನಿಗೂ ಗೋಡೆಗೂ ನಡುವೆ ಗಾಳಿ ಹರಿಯಬೇಕು. ಪುಸ್ತಕ ಕೊಳ್ಳಲಾರದ ವಿದ್ಯಾರ್ಥಿಗೆ ಊರಿನಲ್ಲಿರುವುದು ಒಂದೇ ಪ್ರತಿ. ಅದು ಹಾಳಾದರೆ ಅವನ ಒಂದು ವರ್ಷದ ಓದೇ ಹಾಳಾದಂತೆ.

ಆದರೆ ಅಟ್ಟಕ್ಕಿಲ್ಲದ ಹೊಣೆಯೊಂದು ಗ್ರಂಥಾಲಯಕ್ಕುಂಟು. ಇಲ್ಲಿ ಮನುಷ್ಯನು ಕುಳಿತು ಓದಬೇಕು. ಅವನಿಗೆ ಬೆಳಕು ಬೇಕು. ಬಿಸಿಲನ್ನು ಹೊರಗಿಟ್ಟು ಬೆಳಕನ್ನು ಮಾತ್ರ ಒಳಗೆ ಕರೆಯುವುದು ಹೇಗೆ?

ಉತ್ತರವನ್ನು ಆಕಾಶದಲ್ಲಿ ಹುಡುಕೋಣ. ಈ ಪ್ರದೇಶವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯನು ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಜೂನ್ ಕೊನೆಯಲ್ಲಿ ಸುಮಾರು 10 ಡಿಗ್ರಿ ಉತ್ತರಕ್ಕೆ. ಆದ್ದರಿಂದ 4 ಅಡಿ ಎತ್ತರದ ಕಿಟಕಿಗೆ ನಡುಹಗಲಿನ ಬಿಸಿಲು ಬೀಳದಿರಲು ದಕ್ಷಿಣದಲ್ಲಿ 3 ಅಡಿ ಚಾಚಿದ ಸೂರು ಬೇಕು. ಉತ್ತರದಲ್ಲಿ 9 ಅಂಗುಲ ಸಾಕು. ತ್ರಿಕೋಣಮಿತಿ ಬಲ್ಲವರು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಓದುವ ಮೇಜಿಗೆ ಉತ್ತರದ ಕಿಟಕಿಯೇ ಲೇಸು. ಬೆಳಗು ಬೈಗಿನ ಓರೆ ಬಿಸಿಲನ್ನು ಸೂರು ತಡೆಯಲಾರದು. ಆದಕಾರಣ ಕಟ್ಟಡವು ಪೂರ್ವಪಶ್ಚಿಮವಾಗಿ ನೀಳವಾಗಿರಲಿ, ಆ ಎರಡು ಕಿರುಗೋಡೆಗಳಿಗೆ ಕಿಟಕಿ ಬೇಡ.

ಗೋಡೆಗೆ ಊರಿನ ಕೆಂಪು ಮಣ್ಣೇ ಸಾಕಾದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು, ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಇದನ್ನು ಸುಡಬೇಕಾಗಿಲ್ಲ; ಸೌದೆ ಉಳಿಯುತ್ತದೆ. ದಪ್ಪ ಗೋಡೆಯಲ್ಲಿ ಹಗಲಿನ ಉಷ್ಣವು ಒಳಸೇರಲು ಹಲವು ಗಂಟೆ ಹಿಡಿಯುವುದು.

ತೋಟವೂ ಕಟ್ಟಡದ ಒಂದು ಅಂಗವೇ. ತೆಂಗಿನ ತಲೆ ಎತ್ತರದಲ್ಲಿದ್ದು ಕಾಂಡ ಬರಿದಾಗಿರುವುದರಿಂದ, ಕೆಳಗೆ ಗಾಳಿ ತಡೆಯಿಲ್ಲದೆ ಬೀಸುತ್ತದೆ. ಆದರೆ 15ರಿಂದ 20 ಅಡಿ ಉದ್ದದ ಗರಿಯೂ ಕಾಯಿಯೂ ಉದುರುವ ಮರದಡಿಯಲ್ಲಿ ಮಾಡು ಕಟ್ಟುವುದು ಜಾಣತನವಲ್ಲ. ಒಂದು ಗರಿಯಷ್ಟು ದೂರವಾದರೂ ಬಿಡಬೇಕು.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳ ಕೊನೆಯದರಲ್ಲಿ ಗ್ರಂಥಾಲಯವನ್ನು ಬೆಳೆಯುವ ಜೀವಿಗೆ ಹೋಲಿಸಿದರು. ಕಿಟಕಿಯಿಲ್ಲದ ಪೂರ್ವದ ಗೋಡೆಯನ್ನು ಮುಂದೆ ಸರಿಸಿದರೆ ನಮ್ಮ ಕಟ್ಟಡವೂ ಬೆಳೆದೀತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ತರುವಾಯ ನಮ್ಮ ನಾಡಿನ ಹಳ್ಳಿಹಳ್ಳಿಗೂ ಪುಸ್ತಕಗಳು ಬಂದಿವೆ. ಆದರೆ ಎಷ್ಟೋ ಕಡೆ ಅವುಗಳಿಗೆ ದೊರೆತದ್ದು ಬೇರೆ ಕೆಲಸಕ್ಕೆಂದು ಕಟ್ಟಿದ ಒಂದು ಕೋಣೆ. ಕೊಬ್ಬರಿಗೆ ತೋರುವ ಎಚ್ಚರವನ್ನು ಪುಸ್ತಕಕ್ಕೂ ತೋರುವುದು ನಮಗೆ ಅಸಾಧ್ಯವೇನಲ್ಲ.