ಮನೋಚಿಕಿತ್ಸೆಯ ಗುಟ್ಟು ಮತ್ತು ನ್ಯಾಯಾಲಯ

ಕಕ್ಷಿಗಾರನು ವಕೀಲರಿಗೆ ಗುಟ್ಟಾಗಿ ಹೇಳಿದ ಮಾತನ್ನು ಅವನ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹುವಂತಿಲ್ಲವೆಂಬುದನ್ನು ನೀವು ಬಲ್ಲಿರಿ. ಮನಸ್ಸಿನ ಚಿಕಿತ್ಸೆ ಮಾಡುವವರ ಮುಂದೆ ಆಡಿದ ಮಾತಿಗೂ ಇಂಥ ರಕ್ಷಣೆಯುಂಟೆ? ಅಮೆರಿಕದ ಒಂದು ಮೊಕದ್ದಮೆಯಿಂದ ಈ ಪ್ರಶ್ನೆಯ ತೊಡಕು ಸ್ಪಷ್ಟವಾಗುತ್ತದೆ.

1991ರ ಜೂನ್ ತಿಂಗಳಲ್ಲಿ, ಇಲಿನಾಯ್ ರಾಜ್ಯದ ಊರೊಂದರಲ್ಲಿ ಹೊಡೆದಾಟವಾಗುತ್ತಿದೆಯೆಂಬ ಕರೆ ಬರಲು, ಅಲ್ಲಿಗೆ ಧಾವಿಸಿದ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರ ಗುಂಡಿಗೆ ಒಬ್ಬಾತ ಬಲಿಯಾದನು. ಆತ ಕತ್ತಿ ಹಿಡಿದು ಮತ್ತೊಬ್ಬನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದನೆಂದು ಅಧಿಕಾರಿ ಹೇಳಿದರು. ಅವನ ಕೈಯಲ್ಲಿ ಆಯುಧವೇ ಇರಲಿಲ್ಲವೆಂದು ಮನೆಯವರು ಹೇಳಿದರು. ದಾವೆ ಹೂಡಲ್ಪಟ್ಟಿತು.

ಆ ಘಟನೆಯ ತರುವಾಯ ಅಧಿಕಾರಿಯು ಪರವಾನಗಿ ಪಡೆದ ಸಲಹೆಗಾರ್ತಿಯೊಬ್ಬರಲ್ಲಿಗೆ ಸುಮಾರು 50 ಸಲ ಚಿಕಿತ್ಸೆಗಾಗಿ ಹೋಗಿದ್ದರು. ಆ ಟಿಪ್ಪಣಿಗಳು ತಮಗೆ ಬೇಕೆಂದು ಮೃತನ ಕಡೆಯವರು ಕೇಳಿದರು. ನ್ಯಾಯಾಧೀಶರು ಆಜ್ಞೆ ಮಾಡಿದರೂ ಅವು ಹೊರಬರಲಿಲ್ಲ. ಹಾಗಾದರೆ ಅದರಲ್ಲಿರುವುದು ಅಧಿಕಾರಿಗೆ ಪ್ರತಿಕೂಲವೆಂದೇ ಭಾವಿಸಬಹುದೆಂದು ನ್ಯಾಯಾಧೀಶರು ಜೂರಿಗೆ ತಿಳಿಸಿದರು. ಜೂರಿಯು ಒಟ್ಟು 5,45,000 ಡಾಲರ್ ಪರಿಹಾರ ವಿಧಿಸಿತು. ಮೇಲಿನ ನ್ಯಾಯಾಲಯ ಇದನ್ನು ರದ್ದುಪಡಿಸಿತು. ವಿವಾದ ಸುಪ್ರೀಂ ಕೋರ್ಟನ್ನು ಮುಟ್ಟಿತು.

1996ರ ಜೂನ್ 13ರಂದು ಆ ಕೋರ್ಟು, ‘ಜಾಫಿ ವಿರುದ್ಧ ರೆಡ್ಮಂಡ್’ ಎಂಬ ಈ ಮೊಕದ್ದಮೆಯಲ್ಲಿ, ಗುಟ್ಟನ್ನು ಕಾಪಾಡಬೇಕೆಂದು ತೀರ್ಮಾನಿಸಿತು. ಏಳು ನ್ಯಾಯಮೂರ್ತಿಗಳು ಇದರ ಪರ, ಇಬ್ಬರು ವಿರುದ್ಧ. ಮಾತು ಹೊರಬಿದ್ದೀತೆಂಬ ಭಯವಿದ್ದರೆ ರೋಗಿ ಬಾಯಿ ಬಿಡುವುದಿಲ್ಲ. ಆಗ ಚಿಕಿತ್ಸೆಯೂ ಸಾಗದು, ನ್ಯಾಯಾಲಯ ಹುಡುಕುವ ಸಾಕ್ಷ್ಯವೂ ಹುಟ್ಟದು ಎಂಬುದು ಬಹುಮತದ ತರ್ಕ. ಸತ್ಯವನ್ನು ಮುಚ್ಚಿಟ್ಟರೆ ಅನ್ಯಾಯವಾದೀತೆಂದು ನ್ಯಾಯಮೂರ್ತಿ ಸ್ಕಾಲಿಯಾ ಆಕ್ಷೇಪಿಸಿದರು. ತಾಯಿಯೊಡನೆ ತೋಡಿಕೊಂಡ ದುಃಖಕ್ಕೇ ಇಲ್ಲದ ರಕ್ಷಣೆ ಇಲ್ಲಿ ಮಾತ್ರವೇಕೆಂದು ಅವರು ಕೇಳಿದರು. ಮಗನನ್ನು ಕಳೆದುಕೊಂಡ ಮನೆಯ ಕಡೆಯಿಂದ ನೋಡಿದರೆ ಈ ಆಕ್ಷೇಪಣೆ ಹಗುರವಾದುದಲ್ಲ.

ನಮ್ಮ ದೇಶದ ಸ್ಥಿತಿ ಬೇರೆ. ಸಾಕ್ಷ್ಯದ ಕಾನೂನು ವಕೀಲರ ಗುಟ್ಟಿಗೆ ಕೊಟ್ಟ ರಕ್ಷಣೆಯನ್ನು ವೈದ್ಯರ ಗುಟ್ಟಿಗೆ ಕೊಟ್ಟಿಲ್ಲ. 2003ರಲ್ಲಿ ವಿಚ್ಛೇದನದ ಮೊಕದ್ದಮೆಯೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟು, ಬಲವಾದ ಮೇಲ್ನೋಟದ ಆಧಾರವಿದ್ದರೆ ಕಕ್ಷಿದಾರರನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸುವಂತೆ ಆಜ್ಞೆ ಮಾಡಬಹುದು, ನಿರಾಕರಿಸಿದರೆ ಪ್ರತಿಕೂಲವಾಗಿ ಊಹಿಸಬಹುದು ಎಂದಿತು. ಆದರೆ 2017ರ ಮಾನಸಿಕ ಆರೋಗ್ಯ ಕಾಯಿದೆಯ 23ನೆಯ ಕಲಮು ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಡುತ್ತದೆ. ಹೈಕೋರ್ಟು ಅಥವಾ ಸುಪ್ರೀಂ ಕೋರ್ಟಿನ ಆಜ್ಞೆ, ಇತರರಿಗೆ ಒದಗಬಹುದಾದ ಅಪಾಯ ಮುಂತಾದುವು ಅದಕ್ಕೆ ಅಪವಾದಗಳು. ತನ್ನ ವೈದ್ಯಕೀಯ ದಾಖಲೆಯನ್ನು ತಾನೇ ನೋಡುವ ಹಕ್ಕನ್ನು 25ನೆಯ ಕಲಮು ಕೊಟ್ಟಿದೆ. ಅದರಿಂದ ತೀವ್ರ ಮಾನಸಿಕ ಹಾನಿಯಾಗುವಂತಿದ್ದರೆ ಮಾತ್ರವೇ, ಇಲ್ಲವೆ ಇತರರಿಗೆ ಅಪಾಯವಾಗುವಂತಿದ್ದರೆ, ಕೆಲವು ಭಾಗಗಳನ್ನು ತಡೆಹಿಡಿಯಬಹುದು.

ಆದುದರಿಂದ ನೀವಾಗಲಿ ನಿಮ್ಮವರಾಗಲಿ ಇಂಥ ಚಿಕಿತ್ಸೆಗೆ ಹೋದಾಗ, ಏನನ್ನು ಬರೆದಿಡುವಿರಿ, ಯಾರಿಗೆ ತೋರಿಸುವಿರಿ ಎಂದು ಮೊದಲೇ ಕೇಳಿ ತಿಳಿಯಿರಿ. ಕೋರ್ಟಿನ ಭಯಕ್ಕೆ ಚಿಕಿತ್ಸೆಯನ್ನೇ ಬಿಟ್ಟರೆ ನಷ್ಟ ನಿಮ್ಮದೇ.